ಕವುಚಿ ಮಲಗಿ ಹೇಳಿದ್ದು

ಅಲ್ಲ, ಹಿಮ್ಮಡಿ ನೋಡೋದಕ್ಕೆ ನನ್ನನ್ನು ಕವುಚಿ ಮಲಗಿಸೋದು ಯಾಕೆ ಅಂತ, ಅಷ್ಟೇ ನಾನು ಕೇಳಿದ್ದು. ಕಾಲು ಚಾಚಿ ಕೂತರೂ ಹಿಮ್ಮಡಿ ಹಿಮ್ಮಡಿಯೇ ಅಲ್ವಾ ಡಾಕ್ಟ್ರೇ? ಹೀಗೆ ಮಲಗಿದ್ರೆ ನನಗೆ ಕಾಣೋದೇನು ಹೇಳಿ. ಈ ರೆಕ್ಸಿನ್ನು, ಈ ಗೋಡೆ, ಗೋಡೆ ಮೇಲಿನ ಬೋರ್ಡು. ನಿಮ್ಮ ಮುಖ ಕಾಣಲ್ಲ. ಮುಖ ನೋಡದೆ ನಾನು ಯಾರ ಹತ್ರಾನೂ ವ್ಯಾಪಾರ ಮಾಡಿದವಳಲ್ಲ... ಹ್ಞಾಂ, ಹ್ಞಾಂ, ಮಲಗಿದೆ. ಪಾದ ಮಂಚದಿಂದ ಆಚೆ ಇಳಿಬಿಟ್ಟೆ. ಸಾಕಾ? ಇನ್ನೂ ಕೆಳಗೆ ಸರೀಬೇಕಾ? ಬಿದ್ದರೆ ನೀವೇ ಹಿಡೀಬೇಕು, ನಾನೇನು ಹಗುರ ಇಲ್ಲ.

ಓದೋದಕ್ಕೆ ಆ ಬೋರ್ಡು ಒಂದೇ ಇರೋದು ನನಗೆ. ಹುಟ್ಟೋ ಮಗು ಗಂಡೋ ಹೆಣ್ಣೋ ಅಂತ ಇಲ್ಲಿ ಹೇಳಲ್ಲ, ಕೇಳೋದೂ ಅಪರಾಧ. ಆಯ್ತಪ್ಪ, ನನ್ನ ಹಿಮ್ಮಡಿ ಗಂಡೋ ಹೆಣ್ಣೋ ಅಂತ ನಾನು ಕೇಳಲ್ಲ... ನಕ್ಕಿರಿ ಅಲ್ವಾ? ನಕ್ಕಿರಿ, ನಕ್ಕಿರಿ. ಮುಖ ಕಾಣದಿದ್ದರೇನು, ಮಂಚ ಅಲ್ಲಾಡ್ತು. ಹೊರಗಡೆ ನಗೋದಕ್ಕೆ ಯಾರೂ ಬಾಕಿ ಉಳಿದಿಲ್ಲ ಬಿಡಿ. ನಿಮ್ಮ ಕೌಂಟರಿನ ಆ ಕಾವ್ಯ, ಕೊಪ್ಪ ಬಸ್‌ಸ್ಟ್ಯಾಂಡಿಗೆಲ್ಲ ಕೇಳೋ ಹಾಗೆ 'ರಹೀಮುನ್ನೀಸಾ, ಸ್ಕ್ಯಾನಿಂಗ್!' ಅಂತ ಕೂಗಿದ್ಲು. ಬೆಂಚಿನ ಮೇಲಿದ್ದ ಬಸುರಿಯರೆಲ್ಲ ಒಟ್ಟಿಗೆ ತಿರುಗಿದ್ರು. ಸೊಸೆ ಶಬಾನ ಕೂತಿದ್ದಾಳೆ, ಅತ್ತೆ ಎದ್ದು ಸ್ಕ್ಯಾನಿಂಗಿಗೆ ಹೋಗ್ತಿದ್ದಾಳೆ! ಅದರಲ್ಲೊಬ್ಬಳು ಜಯಪುರದವಳು, ನನ್ನ ಹತ್ರ ನೈಟಿ ತಗೊಳ್ಳೋಳು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ನಾನು ನೋಡಿದೆ. ಅವಳು ಮನೆ ಮುಟ್ಟೋ ಮುಂಚೆ ಫೋನಲ್ಲಿ ಸುದ್ದಿ ಮುಟ್ಟಿರುತ್ತೆ, ಗಂಟಿನ ಬೂಬಮ್ಮನಿಗೆ ಈ ವಯಸ್ಸಲ್ಲಿ ಏನೋ ಆಗಿದೆ ಅಂತ.

ಯಾ ಅಲ್ಲಾ! ಎಷ್ಟು ತಣ್ಣಗಿದೆ! ಏನಿದು, ಲೋಳೆಸರದ ಹಾಗೆ... ಜೆಲ್ಲಾ? ಹೇಳಿ ಹಚ್ಚಬಾರದಾ ಮಾರಾಯ್ತಿ!... ಥೋ, ಬಾಯಿಗೆ ಬಂದುಬಿಡ್ತು. ಬೇಜಾರು ಮಾಡ್ಕೋಬೇಡಿ. ಹೊರಗಡೆ ನೀವು ಶಿಲ್ಪಶ್ರೀ ಡಾಕ್ಟ್ರು. ಬಾಗಿಲು ಹಾಕಿದ ಮೇಲೆ ನನಗೆ ಬಾಳೆಹೊನ್ನೂರು ಕಡೆಯ ಕಲ್ಲೇಶಪ್ಪನವರ ಮಗಳೇ. ನಿಮ್ಮ ಜಗುಲಿಯಲ್ಲಿ ನಾನು ಬಟ್ಟೆ ಗಂಟು ಬಿಚ್ಚಿದ್ರೆ ಅದರೊಳಗೆ ಹೋಗಿ ಕೂತ್ಕೋತಿದ್ರಿ, ನೆನಪಿದೆಯಾ? ನಿಮ್ಮಮ್ಮ ಗಂಗಾಂಬಿಕಮ್ಮ ಕಾಲು ಹಿಡಿದು ಎಳೆದು ಹೊರಗೆ ಹಾಕೋರು, ನೀವು ಮತ್ತೆ ಹೋಗೋದು. 'ಬೂಬಮ್ಮ, ಇವಳನ್ನೂ ಕಟ್ಕೊಂಡು ಹೋಗಿಬಿಡು' ಅನ್ನೋರು. ನಿಮ್ಮ ತೊಟ್ಟಿಲಿಗೆ ಹಾಸಿದ್ದು ನನ್ನ ಗಂಟಿನ ಬಟ್ಟೆ. ಅದಕ್ಕೇ ನಾನು ಇಲ್ಲಿಗೆ ಬಂದದ್ದು ಕಣ್ರೀ. ನಮ್ಮ ಹುಡುಗಿ, ಒಂದು ಇಂಜೆಕ್ಷನ್ ಹಾಕಿ ಕಳಿಸ್ತಾಳೆ ಅಂತ. ನೀವು ನೋಡಿದ್ರೆ ಮೆಷೀನು ತಂದು ನಿಲ್ಲಿಸಿದ್ರಿ.

ಹಿಮ್ಮಡಿ ನೋವಿಗೆ ಸ್ಕ್ಯಾನಿಂಗ್ ಅಂತ ನಾನು ಕುವೈತಿನಲ್ಲೂ ಕೇಳಿರಲಿಲ್ಲ. ಅಲ್ಲಿ ನಾನು ಕೆಲಸಕ್ಕಿದ್ದ ಮನೆಯ ಮೇಡಮ್ಮಿಗೆ ಶೀತ ಆದ್ರೂ ಮೆಷೀನು, ಕೆಮ್ಮಿದ್ರೂ ಮೆಷೀನು. ಆದ್ರೂ ಹಿಮ್ಮಡಿಗೆ? ಅದರೊಳಗೆ ಇರೋದೇನು, ಮೂಳೆ. ಮೂಳೆಗೆ ನೀವೇ ಮೊನ್ನೆ ಎಕ್ಸ್-ರೇ ತೆಗೆಸಿದ್ರಿ. ಮುಳ್ಳಿನ ಹಾಗೆ ಬೆಳೆದಿದೆ, ಆದ್ರೆ ನೋವು ಅದರದ್ದೇ ಅಂತ ಹೇಳೋದಕ್ಕಾಗಲ್ಲ, ಮೂಳೆಗೆ ಅಂಟಿರೋ ಒಳಗಿನ ಪಟ್ಟಿ ನೋಡಬೇಕು ಅಂದ್ರಿ. ಬೇರೆಯವರೆಲ್ಲ ಹೆಬ್ಬೆರಳಲ್ಲಿ ಒಂದು ಸಲ ಒತ್ತಿ, 'ಇಲ್ಲೇನಮ್ಮ?' ಅಂತ ಕೇಳಿ, ಅಲ್ಲೇ ಸೂಜಿ...

ಯಾರು? ಯಾರೂ ಇಲ್ಲ. ಹಾಗೆ ಮಾಡ್ತಾರಂತೆ ಅಂದೆ. ಜನ ಹೇಳ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ತಮ್ಮ ಹಿಮ್ಮಡಿ ಕಥೆ ಹೇಳದೆ ಇಳೀತಾರಾ?

ಮೆಷೀನು ಹೊಸದು, ಅದಕ್ಕೆ ಕಾಲುಗಳು ಬೇಕಾಗಿವೆ ಅಂತ ನಾನೇನು ಅನ್ನಲ್ಲ. ಆದ್ರೆ ಹೊಸ ಮಾಲು ಇಳಿಸಿದಾಗ ನಾನೂ ದಾರೀಲಿ ಹೋಗೋರನ್ನೆಲ್ಲ ಕರೆದವಳೇ. ಸುಮ್ನೆ ಹೇಳಿದೆ. ನೋಡಿ, ನೋಡಿ.

ಹೇಗೆ ನೋವು ಅಂತ ಮತ್ತೆ ಹೇಳ್ಬೇಕಾ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತೆ, ಸ್ವಲ್ಪ ಓಡಾಡಿದ ಮೇಲೆ ಕಡಿಮೆ ಆಗುತ್ತೆ, ಸಾಯಂಕಾಲ ಕೂತು ಎದ್ದರೆ ಮತ್ತೆ ಚುಚ್ಚುತ್ತೆ. ಮೊದಲನೇ ಸಲ ಹೀಗಾಗಿರೋದು. ಯಾವ ಔಷಧಿಯೂ ತಗೊಂಡಿಲ್ಲ... ಏನು? ಪಾಠ ಒಪ್ಪಿಸಿದ ಹಾಗೆ ಇದೆಯಾ? ಚೆನ್ನಾಗಿದೆ! ಸರಿಯಾಗಿ ಹೇಳಿದ್ರೂ ತಪ್ಪು. ಹೇಳೋದು ರೂಢಿಯಾಗಿದೆ... ಅಂದ್ರೆ, ಮನೆಯಲ್ಲಿ. ಮನೆಯಲ್ಲಿ ಹೇಳಿ ಹೇಳಿ ರೂಢಿ. ನಮ್ಮ ಮನೆಯವರ ಕಿವಿ ನಿಮಗೆ ಗೊತ್ತಲ್ಲ.

ಒಂದು ಕೇಳ್ತೀನಿ, ಸತ್ಯ ಹೇಳಬೇಕು. ಶಬಾನ ನಿಮಗೆ ಫೋನ್ ಮಾಡಿದ್ಲಾ?

 ಕೈ ಮಾತ್ರ ಓಡ್ತಿದೆ. ಹ್ಞಾಂ, ಅಲ್ಲಿ, ಅಲ್ಲಿ ನೋವು, ಸ್ವಲ್ಪ ನಿಧಾನ... ನೋಡಿ, ನನಗೆ ಅನುಮಾನ ಸುಮ್ಮಸುಮ್ಮನೆ ಬರಲ್ಲ. ಈ ಹುಡುಗಿ ನಮ್ಮ ಹಸೀಬನ್ನ ಮದುವೆಯಾಗಿ ನಮ್ಮನೆಗೆ ಬಂದಾಗಿಂದ ನನ್ನ ಗಂಟಿನ ಮೇಲೆ ಕಣ್ಣು. 'ಅಮ್ಮಿ, ನೀವು ಕೂತ್ಕೊಳ್ಳಿ, ನಾನು ಸ್ಕೂಟಿಯಲ್ಲಿ ಹೋಗಿಬರ್ತೀನಿ.' 'ಅಮ್ಮಿ, ನಿಮ್ಮ ಗಿರಾಕಿಗಳ ನಂಬರ್ ಕೊಡಿ, ಗ್ರೂಪ್ ಮಾಡ್ತೀನಿ.' ಮನೆಯಲ್ಲೇ ಫೋನ್ ನಿಲ್ಲಿಸಿಕೊಂಡು ಚೂಡಿದಾರ್ ಹಿಡಿದು ತೋರಿಸ್ತಾಳೆ, ಮುಂದೆ ಯಾರೂ ಇಲ್ಲ, ಗೋಡೆಗೆ 'ಹಾಯ್ ಅಕ್ಕ, ಹಾಯ್ ಅಕ್ಕ' ಅಂತಾಳೆ. ಮಾರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಒಳಲಂಗ ಗ್ರೂಪಲ್ಲಿ ಕೇಳ್ತಾರಾ? ಎದೆ ಕಟ್ಟಿ ಜ್ವರ ಬಂದ ಬಾಣಂತಿಗೆ ಎಂಥ ಬಾಡಿ ಬೇಕು ಅಂತ ಆ ಹುಡುಗಿ ಎಲ್ಲರೆದುರು ಬರೀತಾಳಾ? ಅವಳು ನನಗೆ ಹೇಳ್ತಾಳೆ, ಅಡಿಗೆಮನೆ ಬಾಗಿಲ ಹಿಂದೆ ನಿಂತು, ಅತ್ತೆಗೆ ಕೇಳದ ಹಾಗೆ. ನಾನು ಮುಂದಿನ ಸಲ ಗಂಟಿನ ತಳದಲ್ಲಿಟ್ಟು ತರ್ತೀನಿ. ಇಲ್ಲೇ ನಾರ್ವೆ ಊರಿನ ಮನೆಯವರು ಏನು ತಗೊಂಡ್ರು ಅಂತ ಜಯಪುರದಲ್ಲಿ ಬಾಯಿ ಬಿಡಲ್ಲ. ಒಂದು ಬಾಗಿಲಲ್ಲಿ ಆಡಿದ ಮಾತು, ಹೇಳಿದ ರೇಟು, ಇನ್ನೊಂದು ಬಾಗಿಲಿಗೆ ದಾಟಿಸಲ್ಲ. ನಮ್ಮ ಕಸುಬು ನಡೆಯೋದೇ ಹಾಗೆ. ಪ್ರತಿ ಮನೆಗೂ ತಾನೇ ಮೊದಲನೆಯದು ಅನ್ನಿಸಬೇಕು. 'ನಿಮಗೇ ಅಂತ ಮೊದಲು ತಂದೆ, ಇನ್ನೂ ಯಾರೂ ಬಿಚ್ಚಿ ನೋಡಿಲ್ಲ' ಅಂದರೇನೇ ಅವರಿಗೆ ಖುಷಿ. ನಿಮ್ಮಮ್ಮನಿಗೂ ಅಂದಿದ್ದೀನಿ. ಹೇಳ್ಬೇಡಿ ಮತ್ತೆ.

ಅಷ್ಟೇ ಅಲ್ಲ. ಹೋದ ತಿಂಗಳು ಶಬಾನ ನನಗೊಂದು ಚಪ್ಪಲಿ ತಂದ್ಲು. ದಪ್ಪ ಅಟ್ಟೆ, ಮೆತ್ತಗೆ, ಕಾಯಿಲೆಯವರು ಹಾಕ್ತಾರಲ್ಲ ಅಂಥದ್ದು. ಅದನ್ನ ಹಾಕ್ಕೊಂಡು ನಾನು ಊರೂರು ತಿರುಗಿದ್ರೆ ನೋಡಿದವರು ಏನಂತಾರೆ? ಬೂಬಮ್ಮನಿಗೆ ಆಗಲ್ಲ ಇನ್ನು, ಸೊಸೆಗೆ ಹೇಳೋಣ ಅಂತಾರೆ. ಅಷ್ಟಕ್ಕೇ ತಂದದ್ದು ಅವಳು! ನಾನು ಮೂಲೆಗೆ ಬಿಸಾಕಿದೆ. ಇವತ್ತು ನೋಡಿದ್ರೆ ಅವಳ ಚೀಲ ಉಬ್ಬಿಕೊಂಡಿದೆ. ಏನೇ ಅದು ಅಂದ್ರೆ 'ಏನಿಲ್ಲ ಅಮ್ಮಿ' ಅಂತ ಆಚೆ ಸರಿಸಿದ್ಲು. ಏನೋ ಕಾಗದ ಇಟ್ಟಿರಬೇಕು ನಿಮಗೆ ತೋರಿಸೋದಕ್ಕೆ. ಇಲ್ಲಾಂದ್ರೆ ಮಿಠಾಯಿ ಡಬ್ಬಿ. ನೀವಿಬ್ಬರೂ ಮಾತಾಡ್ಕೊಂಡು 'ಇವರು ಇನ್ನು ನಡೀಬಾರದು' ಅಂತ ಬರೆದು ಕೊಡೋದು, ಅವಳು ಅದನ್ನ ಮನೆಗೆಲ್ಲ ತೋರಿಸೋದು. ಅದಕ್ಕೇ ಕೇಳಿದ್ದು, ಫೋನ್ ಮಾಡಿದ್ಲಾ ಅಂತ.

ಏನಾದ್ರೂ ಹೇಳಿ.

ಸೂರತ್ತಿನಲ್ಲಿ ಒಬ್ಬ ಸೇಟು ಇದ್ದ. ವಾಚಾಳಿ ಅಂದ್ರೆ ವಾಚಾಳಿ, ಬಾಯಿ ಮುಚ್ಚಿದ್ದೇ ನೋಡಿಲ್ಲ ನಾನು. ಒಂದು ದಿನ ಬಟ್ಟೆ ಥಾನು ಬಿಚ್ಚಿ ಹಾಸ್ತಾ ಹಾಸ್ತಾ ಇದ್ದಕ್ಕಿದ್ದ ಹಾಗೆ ಸುಮ್ಮನಾದ. ನಾನು ಬಟ್ಟೆ ನೋಡಲಿಲ್ಲ, ಅವನ ಕೈ ನೋಡಿದೆ. ಒಂದು ಕಡೆ ಅಂಗೈ ಒತ್ತಿ ಹಿಡಿದಿದ್ದ. ಎತ್ತು ಅಂದೆ. ಎತ್ತಲ್ಲ. ನಾನೇ ಎತ್ತಿಸಿದೆ. ಕೆಳಗೆ ಇಷ್ಟುದ್ದ ನೂಲು ಬಿಟ್ಟಿತ್ತು... ನೀವೂ ಈಗ ಹಾಗೇ ಮಾಡಿದ್ರಿ. ಅಲ್ಲಿವರೆಗೆ ಆ ಕಡ್ಡಿಯನ್ನ... ಕಡ್ಡಿ ಅಲ್ವಾ, ಅದಕ್ಕೆ ಎಂತ ಅಂತಾರೆ, ಆ ಹಿಡಿಯನ್ನ ಮೇಲೆ ಕೆಳಗೆ ಓಡಿಸ್ತಿದ್ರಿ. ಈಗ ಒಂದೇ ಕಡೆ ಒತ್ತಿ ನಿಂತಿದೆ. ಟಿಕ್ ಟಿಕ್ ಅಂತ ಏನೋ ಒತ್ತುತ್ತಿದ್ದೀರಿ. ಫೋಟೋ ತೆಗೀತಿದ್ದೀರಾ? ಅಷ್ಟೊಂದು ಯಾಕೆ? ಮದುವೆ ಮನೆಯಾ ನನ್ನ ಹಿಮ್ಮಡಿ?

ನೋಡಿ ಶಿಲ್ಪಮ್ಮ, ನನಗೆ ನಾಳೆ ಕೆರೆಕಟ್ಟೆ ಇದೆ. ಬಾಯಿ ಬಿಟ್ಟು ಹೇಳಿಬಿಡ್ತೀನಿ. ಅಲ್ಲಿಗೆ ಬಸ್ಸು ಇರೋದೇ ಅಪರೂಪ, ಇಳಿದ ಮೇಲೆ ಮನೆ ಮನೆಗೆ ನಡೀಬೇಕು, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ. ತಿಂಗಳಿಗೊಂದು ಸಲ ನಾನು ಹೋಗ್ತೀನಿ ಅಂತ ಆ ಹೆಂಗಸರು ಕಾದಿರ್ತಾರೆ. ಹೋದ ತಿಂಗಳು ಹೋಗೋಕಾಗಲಿಲ್ಲ. ಆ ತಿಂಗಳೇ ಯಾವನೋ ವ್ಯಾನಿನಲ್ಲಿ ಮೈಕು ಕಟ್ಕೊಂಡು ಬಂದನಂತೆ, ರಸ್ತೆ ಬದಿಗೆ ನೈಟಿ ನೇತು ಹಾಕಿ 'ಬನ್ನಿ ಅಕ್ಕ, ಬನ್ನಿ ಅಮ್ಮ' ಅಂತ. ನಾಳೆಯೂ ನಾನು ಕಾಣಿಸದಿದ್ರೆ ಆ ಊರು ಹೋಯ್ತು. ಕೆರೆಕಟ್ಟೆ ಹೋದ್ರೆ ಆಮೇಲೆ ನಾರ್ವೆ ಹೋಗುತ್ತೆ, ಆಮೇಲೆ ಜಯಪುರ. ಆಮೇಲೆ ನಾನು ಎನ್.ಆರ್. ಪುರದಲ್ಲಿ ಕಿಟಕಿ ಹತ್ರ ಕೂತು ಶಬಾನ 'ಹಾಯ್ ಅಕ್ಕ' ಅನ್ನೋದನ್ನ ಕೇಳ್ತಾ ಇರಬೇಕು. ಕುವೈತು ನೋಡಿ, ಮುಂಬೈ ನೋಡಿ, ಸೂರತ್ತು, ಈರೋಡು ಎಲ್ಲ ಒಬ್ಬಳೇ ತಿರುಗಿ ಬಂದವಳು ನಾನು. ಕೂತ್ಕೊಳ್ಳೋದು ನನಗೆ ಬರಲ್ಲ ಮಾರಾಯ್ತಿ. ಕಲಿತಿಲ್ಲ. ಗಂಟು ಹೊರಗೆ ಬೆಂಚಿನ ಕೆಳಗೇ ಇದೆ, ಕಟ್ಕೊಂಡೇ ಬಂದಿದೀನಿ. ನೀವು ಇಂಜೆಕ್ಷನ್ ಹಾಕಿದ್ರೆ ಇವತ್ತೇ ಶೃಂಗೇರಿಗೆ ಹೋಗಿ ನಮ್ಮ ಪರಿಚಯದವರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಕೆರೆಕಟ್ಟೆ. ಒಂದು ಇಂಜೆಕ್ಷನ್. ಅಷ್ಟೇ ನಾನು ಕೇಳೋದು.

ಆ ಬಿಳಿ ಕಲೆಯಾ? ಒಳಬದಿಗೆ? ಅದು ಚಪ್ಪಲಿ ಉಜ್ಜಿದ್ದು. ಪಟ್ಟಿ ಉಜ್ಜಿ ಉಜ್ಜಿ ಬಣ್ಣ ಹೋಗಿದೆ... ಹೌದು, ಪಟ್ಟಿ ಅಷ್ಟು ಕೆಳಗೆ ಬರಲ್ಲ. ಹಳೆ ಚಪ್ಪಲಿ ಅದು, ಜೋತು ಬಿದ್ದಿತ್ತು. ಬಿಸಾಕಿದೆ. ನೀವೇನು ಕಾಲು ನೋಡ್ತೀರೋ ಚಪ್ಪಲಿ ನೋಡ್ತೀರೋ?

ಏನು? ಸದ್ದಾ?

ಯಾವ ಸದ್ದು? ಇಲ್ಲಪ್ಪ. ಯಾವ ಸದ್ದೂ ಕೇಳಿಸಿಲ್ಲ ನನಗೆ. ನಡೆಯೋವಾಗ ಹಿಮ್ಮಡಿಯಲ್ಲಿ ಟಪ್ ಅಂತ ಯಾಕೆ ಅನ್ನುತ್ತೆ... ನೀವು ಟಪ್ ಅಂದಿಲ್ವಾ? ಸದ್ದು ಅಂತ ಮಾತ್ರ ಅಂದ್ರಾ? ಸರಿ, ಸದ್ದು ಅಂದ್ರೆ ಟಪ್ ಅಂತಾನೇ ಅಲ್ವಾ, ಇನ್ನೇನು ಪೀಪಿ ಊದುತ್ತಾ? ನಾರ್ವೆಯ ಏರಿನಲ್ಲಿ ಕಲ್ಲು ಜಾಸ್ತಿ, ಕಾಲಡಿಗೆ ಸಿಕ್ಕಿ ಸದ್ದಾಗ್ತಾನೇ ಇರುತ್ತೆ. ಅದನ್ನೆಲ್ಲ ಲೆಕ್ಕ ಇಟ್ಕೋತಾರಾ? ಅವತ್ತು ನೋವು ಪಟ್ಟಂತ ಇಳಿದು ಹೋಯ್ತು ಕೂಡ, ನಾನು ಅಲ್ಹಂದುಲಿಲ್ಲಾ ಅಂದೆ. ಆಮೇಲೆ ತಾನೇ...

ನಾರ್ವೆ ಅಂತ ನಾನು ಯಾಕೆ ಹೇಳಿದೆ? ಸುಮ್ನೆ ಹೇಳಿದೆ. ಉದಾಹರಣೆಗೆ.

ಅಯ್ಯೋ ಅಮ್ಮಾ! ಹೆಬ್ಬೆರಳು ಒತ್ತಬೇಡ! ಮೂಳೆಗೇ ಚುಚ್ಚಿದ ಹಾಗಾಯ್ತು. ಹೌದು, ಬರೀ ಬೆಳಿಗ್ಗೆ ಸಾಯಂಕಾಲ ಅಂದಿದ್ದೆ. ಈಗ ದಿನವಿಡೀ ಇದೆ, ಏನೀಗ? ಕಾಲಿನ ಕೆಳಗೆ ಏನೂ ಇಲ್ಲ ಅನ್ನಿಸುತ್ತೆ. ಚಪ್ಪಲಿ ಹಾಕಿದ್ರೂ ಹಾಕಿಲ್ಲ ಅನ್ನಿಸುತ್ತೆ. ಬರೀ ಮೂಳೆ, ಕೆಳಗೆ ಕಲ್ಲು. ಅದಕ್ಕೇ ತಾನೇ ಬಂದಿರೋದು? ಚೆನ್ನಾಗಿದ್ರೆ ನಾನ್ಯಾಕೆ ನಿನ್ನ ಮಂಚದ ಮೇಲೆ ಮೀನಿನ ಹಾಗೆ ಬಿದ್ಕೋತಿದ್ದೆ?



ಎಡಗಾಲಿಗೆ ಯಾಕೆ ಹಚ್ಚಿದೆ? ಎಡಗಾಲಿಗೆ ಏನೂ ಆಗಿಲ್ಲ, ಅದರ ತಂಟೆಗೆ ಹೋಗ್ಬೇಡ. ಹೋಲಿಸಿ ನೋಡೋದಕ್ಕಾ? ಒಂದೇ ಜೋಡಿ ಕಾಲು, ಒಂದೇ ದೇವರು ಕೊಟ್ಟದ್ದು, ಇದರಲ್ಲಿ ಹೋಲಿಸೋದು ಏನು ಬಂತು... ಆಯ್ತು, ನೋಡು. ನಿನ್ನ ಮೆಷೀನು, ನಿನ್ನ ಇಷ್ಟ. ಈಗಿನ ಡಾಕ್ಟ್ರುಗಳಿಗೆ ಕಣ್ಣಿಗಿಂತ ಮೆಷೀನಿನ ಮೇಲೆ ನಂಬಿಕೆ. ನಮ್ಮನ್ನ ಕೇಳಿದ್ರೆ ನಾವು ಹೇಳಲ್ವಾ ಏನಾಯ್ತು ಅಂತ?

ಹೇಳಲ್ಲ ಅಂತ ಅಂದ್ಕೊಂಡ್ಯಾ? ಹೌದಾ? ಯಾಕೆ ಹಾಗಂದ್ಕೊಂಡೆ?

ಶಬಾನನೇ ಹೇಳಿರೋದು. ಅವಳೇ. ನನ್ನ ಗಂಟು ತಡಕಿದ್ದಾಳೆ. ಗಂಟಿನ ತಳದಲ್ಲಿ ಆ ಚೀಟಿಗಳು... ಯಾವ ಚೀಟಿನೂ ಇಲ್ಲ! ಚೀಟಿ ಹರಿದು ಹಾಕಿದೀನಿ ನಾನು. ಅಂದ್ರೆ, ಬಸ್ ಚೀಟಿ. ಬಸ್ ಚೀಟಿ ಯಾರು ಇಟ್ಕೋತಾರೆ? ನನ್ನ ಬಾಯಿಂದ ಏನೇನೋ ಹೊರಡಿಸ್ತಿದ್ದೀಯ ನೀನು, ಒಂದು ಮಾತೂ ಆಡದೆ. ಇದು ಯಾವ ಕಾಲೇಜಿನಲ್ಲಿ ಕಲಿಸಿದ್ರು? ನಿಮ್ಮಮ್ಮ ಹೀಗಿರಲಿಲ್ಲ. ನಿಮ್ಮಮ್ಮ ರೇಟಿಗೆ ಜಗಳ ಆಡೋರು, ಬೈಯೋರು, ಆಮೇಲೆ ಕಾಫಿ ಕೊಡೋರು. ಬೈದುಬಿಡು ಅದಕ್ಕಿಂತ.

ಇಂಜೆಕ್ಷನ್ ಟ್ರೇ ಎಲ್ಲಿ? ಒಳಗೆ ಬಂದಾಗ ಅಲ್ಲಿತ್ತು, ಹಸಿರು ಬಟ್ಟೆ ಮುಚ್ಚಿ. ಸರಿಸಿದ ಸದ್ದು ಕೇಳಿಸ್ತು ನನಗೆ. ಈಗ ತಾನೇ. ಯಾಕೆ ಸರಿಸಿದೆ?

...ಏನು ತಿರುಗಿಸ್ತಿದ್ದೀಯ? ಟಿವಿಯಾ? ನನಗೆ ತೋರಿಸಿ ಏನು ಮಾಡ್ತೀಯ, ನಾನು ಓದಿದ್ದು ಏಳನೇ ಕ್ಲಾಸು. ಕತ್ತು ನೋಯುತ್ತೆ... ಹ್ಞಾಂ. ಕಾಣುತ್ತೆ. ಎರಡು ಪಟ. ಪಕ್ಕ ಪಕ್ಕ. ಎರಡೂ ನನ್ನದೇನಾ? ಇದು ಎಡ. ಇದು... ಹ್ಞಾಂ.

ಬೂದಿ ಬಣ್ಣದ ಬಟ್ಟೆ ಹಾಸಿದ ಹಾಗಿದೆಯಲ್ಲೇ. ಎಡಗಾಲಿನದ್ದು... ಚೆನ್ನಾಗಿದೆ. ನೂಲು ನೂಲು ಕಾಣುತ್ತೆ, ಒತ್ತೊತ್ತಾಗಿ, ಒಂದೇ ಅಳತೆ. ಕೈಮಗ್ಗದ್ದು. ಇಂಥದ್ದನ್ನ ನಾನು ಬೆಳಕಿಗೆ ಹಿಡಿದು ನೋಡೋದೂ ಇಲ್ಲ, ಕಣ್ಣು ಮುಚ್ಚಿ ಎತ್ಕೋತೀನಿ. ಅದರ ಕೆಳಗೆ ಅದೇನು, ದಪ್ಪಕ್ಕೆ, ಹತ್ತಿ ತುಂಬಿದ ಹಾಗೆ? ಹಿಮ್ಮಡಿಯ ಕೊಬ್ಬು. ಮೆತ್ತೆ. ನಡೆಯೋವಾಗ ಮೂಳೆಗೆ ಹಾಸಿಗೆ ಅದು. ಸರಿ.

ಬಲಗಾಲಿನದ್ದು...

ಬಲಗಾಲಿನಲ್ಲಿ ಆ ಮೆತ್ತೆ ಎಲ್ಲಿ?

ಇಷ್ಟೇನಾ? ಇಷ್ಟು ತೆಳ್ಳಗಾ? ತೊಳೆದು ತೊಳೆದು ಸವೆದ ಪಂಚೆ ಹಾಗಿದೆ. ಮತ್ತೆ ಈ ಪಟ್ಟಿ, ಇದು ಉಬ್ಬಿಕೊಂಡಿದೆ, ಇಲ್ಲಿಗೆ ಬಂದು... ಇಲ್ಲಿ ನೂಲೇ ಇಲ್ಲ. ಕಪ್ಪಗಿದೆ. ಈ ಕಡೆಯ ನೂಲು ಈ ಕಡೆಗೆ ಬಂದಿಲ್ಲ. ಅದರ ಸುತ್ತ ಕೆಂಪು ಕೆಂಪು ಯಾಕೆ ಮಿಣುಕುತ್ತೆ? ರಕ್ತ ಓಡ್ತಿರೋದಾ? ಗಾಯ ಆದಲ್ಲಿ ಓಡೋ ಹಾಗೆ? ಹರಿದಿದೆ ಇದು. ಬೇಡ, ನೀನು ಹೇಳೋದು ಬೇಡ, ಹರಿದ ಬಟ್ಟೆ ನನಗೆ ಗೊತ್ತಾಗಲ್ವಾ? ಎಲ್ಲಾ ಕಡೆಯಿಂದ ಅಲ್ಲ, ಒಂದು ಅಂಚು ಇನ್ನೂ ಹಿಡಿದಿದೆ. ನಡೆದ್ರೆ ಅದೂ ಬಿಡುತ್ತೆ.

ಮುಳ್ಳು ಚುಚ್ಚಿ ಹೀಗಾಗುತ್ತಾ? ಕಲ್ಲು ತಾಗಿ? ನಡೆದೂ ನಡೆದೂ ಇರಬೇಕು. ಎಷ್ಟು ನಡೆದಿದೀನಿ ನಾನು...

ಆದ್ರೆ ಎರಡು ಕಾಲೂ ಒಟ್ಟಿಗೇ ನಡೆದಿದ್ದು. ಅದನ್ನೇ ಅಲ್ವಾ ನೀನು ತೋರಿಸ್ತಿರೋದು? ಅದಕ್ಕೇ ಎಡಗಾಲು ಹಾಕಿದ್ದು ಪಕ್ಕದಲ್ಲಿ. ನಡೆದು ಸವೆದಿದ್ರೆ ಎರಡೂ ಸವೀಬೇಕಿತ್ತು.

ಇಲ್ಲಪ್ಪ. ನನಗೇನು ಗೊತ್ತು. ನೀನು ಡಾಕ್ಟ್ರು, ನೀನು ಹೇಳು.



ಒರೆಸ್ತಿದ್ದೀಯ. ಒರೆಸು. ಆ ಲೋಳೆ ಪೂರ್ತಿ ತೆಗೀಬೇಕು, ಚಪ್ಪಲಿ ಜಾರುತ್ತೆ... ಸಾಕು, ಆಯ್ತಲ್ಲ. ಬೆರಳು ಯಾಕೆ ಅಲ್ಲಿಟ್ಟೆ? ಹೇಳಿದೆನಲ್ಲ, ಪಟ್ಟಿ ಉಜ್ಜಿದ ಕಲೆ ಅದು. ಒತ್ತಿಲ್ಲ ಅಂತೀಯ, ಸುಮ್ಮನೆ ಇಟ್ಟಿದ್ದೀಯ. ಗೊತ್ತಾಗುತ್ತೆ ನನಗೆ. ಬೆಚ್ಚಗಿದೆ ನಿನ್ನ ಬೆರಳು.

ತೆಗಿ ಮಗಳೇ.

ತೆಗೆಯಲ್ವಾ?

ಅದು... ಕೊಪ್ಪ.

ಇಲ್ಲೇ, ಈ ಊರೇ. ನೀನು ಇಲ್ಲಿ ಬೋರ್ಡು ಹಾಕೋ ಮುಂಚೆ. ಒಳ್ಳೆ ಡಾಕ್ಟ್ರು, ಅವರ ತಪ್ಪೇನಿಲ್ಲ. ಈಗ ಬೆಳ್ಳಗಾಗಿರೋ ಕಡೆಯೇ ಸೂಜಿ ಹಾಕಿ, ಇನ್ನು ಸ್ವಲ್ಪ ದಿನ ಕಾಲಿಗೆ ರೆಸ್ಟ್ ಕೊಡಿ, ಭಾರ ಹೊರಬೇಡಿ ಅಂದ್ರು. ಸಾಯಂಕಾಲಕ್ಕೇ ನೋವು ಮಾಯ! ಹಾರಿದ ಹಾಗೆ ನಡೆದೆ ನಾನು. ಗಂಟು ತಲೆ ಮೇಲಿದೆ ಅಂತಲೇ ಗೊತ್ತಾಗಲಿಲ್ಲ. ಮತ್ತೆ ನೋವು ಬಂತು, ಮತ್ತೆ ಹೋದೆ. ಇಷ್ಟು ಬೇಗ ಕೊಡಕ್ಕಾಗಲ್ಲ, ಒಳಗಿನ ಮೆತ್ತೆ ಕರಗುತ್ತೆ ಅಂದ್ರು. ನಾನು ಅಂದ್ಕೊಂಡೆ, ಈ ಅಂಗಡಿಯಲ್ಲಿ ಮಾಲಿಲ್ಲ ಅಂದ್ರೆ ಮುಂದಿನ ಅಂಗಡಿ ಅಂತ.

ಬೆರಳು ಪಕ್ಕದ ಕಲೆಗೆ ಸರಿಸಿದೆ ನೀನು.

ಅದು ಶೃಂಗೇರಿ. ವಾರಕ್ಕೊಮ್ಮೆ ಬರೋ ಡಾಕ್ಟ್ರು. 'ಮೊದಲನೇ ಸಲಾನಾ?' ಅಂತ ಕೇಳಿದ್ರು. ಹೌದು, ಮೊದಲನೇ ಸಲ ಅಂದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದ ಹಾಗೆ ಅಂದೆ. ಪಾಪ, ಅವರಿಗೂ ತಾನೇ ಮೊದಲನೆಯವನು ಅನ್ನಿಸಿರಬೇಕು. ಒಂದು ಬಾಗಿಲಿನ ಮಾತು ಇನ್ನೊಂದು ಬಾಗಿಲಿಗೆ... ನಾನು ಹೇಳಲಿಲ್ವಾ ಆಗಲೇ. ಅದು ಬಿಟ್ಟು ಬೇರೆ ರೀತಿ ನನಗೆ ಗೊತ್ತಿಲ್ಲ ಶಿಲ್ಪ. ಡಾಕ್ಟ್ರುಗಳು ಗಿರಾಕಿಗಳಲ್ಲ ಅಂತ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಇನ್ನೂ ಇದೆ ಅಂತ ನಿನಗೆ ಗೊತ್ತು. ಇಡು, ಇಡು.

ಅದು ನಮ್ಮೂರು. ಎನ್.ಆರ್. ಪುರ. ಮುಖದ ಮೇಲೆ ದುಪಟ್ಟ ಎಳ್ಕೊಂಡು ಹೋಗಿದ್ದೆ, ಯಾರಾದ್ರೂ ಹಸೀಬನಿಗೆ ಹೇಳ್ತಾರೆ ಅಂತ. ಅದಾದ ವಾರಕ್ಕೇ ನಾರ್ವೆ ಏರಿನಲ್ಲಿ... ಟಪ್ ಅಂತು. ಜೋರಾಗಿ ಅಲ್ಲ. ಹೊಲಿಗೆ ಬಿಟ್ಟ ಹಾಗೆ. ಗಂಟು ಇಳಿಸಿ ಕಲ್ಲಿನ ಮೇಲೆ ಕೂತು ನೋಡ್ಕೊಂಡೆ, ಹೊರಗೆ ಏನೂ ಕಾಣಲಿಲ್ಲ. ಆ ತಿಂಗಳೇ ಕೆರೆಕಟ್ಟೆ ತಪ್ಪಿದ್ದು.

ಇನ್ನು ನೀನೇ ಇದ್ದದ್ದು. ನಾಲ್ಕನೇ ಬಾಗಿಲು.

ಶಬಾನ ಫೋನ್ ಮಾಡಿಲ್ಲ ಅಲ್ವಾ? ಅವಳಿಗೆ ಇದು ಯಾವುದೂ ಗೊತ್ತಿಲ್ಲ. ಅಮ್ಮಿಗೆ ಕಾಲು ನೋವು ಅಂತಷ್ಟೇ ಗೊತ್ತು. ಆ ಚೀಲದಲ್ಲಿ ಉಬ್ಬಿಕೊಂಡಿರೋದು ಕಾಗದವೂ ಅಲ್ಲ, ಮಿಠಾಯಿಯೂ ಅಲ್ಲ. ಚಪ್ಪಲಿ. ನಾನು ಮೂಲೆಗೆ ಬಿಸಾಕಿದ್ದನ್ನ ಹೆಕ್ಕಿ, ಒರೆಸಿ, ಇಟ್ಕೊಂಡು ಬಂದಿದ್ದಾಳೆ. ಕೇಳಿದ್ರೆ ಬೈತೀನಿ ಅಂತ ಏನಿಲ್ಲ ಅಮ್ಮಿ ಅಂದಿದ್ದಾಳೆ. ನನಗೆ ಬೆಂಚಿನಲ್ಲಿ ಕೂತಾಗಲೇ ಗೊತ್ತಿತ್ತು. ಅಟ್ಟೆಯ ಅಂಚು ಕಾಣ್ತಿತ್ತು.

ಏನು, ಕರೀತೀಯಾ ಅವಳನ್ನ? ಕರಿ. ಗಂಟೂ ತರ್ಲಿ. ಕೆರೆಕಟ್ಟೆಯಲ್ಲಿ ಯಾರ ಮನೆಯಲ್ಲಿ ಅಡಿಗೆಮನೆ ಬಾಗಿಲ ಹಿಂದೆ ನಿಲ್ಲಬೇಕು ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು, ಹೇಳ್ಬೇಕಲ್ಲ ಯಾರಾದ್ರೂ...

ತಾಳು, ತಾಳು! ಬಾಗಿಲು ತೆಗೀಬೇಡ ಈಗಲೇ. ಆ ಮೂರೂ ಸೂಜಿ ಕಲೆ ಹಾಗೇ ಬೆಳ್ಳಗೆ ಕಾಣುತ್ತೆ. ಮೊದಲು ಹಿಮ್ಮಡಿ ಮೇಲೆ ಒಂದು ತುಂಡು ಬಟ್ಟೆ ಹಾಕು ಮಾರಾಯ್ತಿ.